ಇಬ್ಬರು ಎಳೆಯುವ ಪೆಟ್ಟಿಗೆ

ನಾನು ಮದುವೆಯಾಗಿ ಓಲಾಂಡ್ ದ್ವೀಪಕ್ಕೆ ಬಂದ ಹೊಸತರಲ್ಲಿ, ಒಂದು ಮಧ್ಯಾಹ್ನ, ನೆಲದೊಳಗಿಂದ ಗುಡುಗು ಕೇಳಿಸಿತು. ಕಿಟಕಿಯಿಂದ ಬಗ್ಗಿ ಆಕಾಶ ನೋಡಿದೆ. ಒಂದು ತುಣುಕು ಮೋಡವೂ ಇರಲಿಲ್ಲ. ಸದ್ದು ಸ್ವಲ್ಪ ದೂರ ಉರುಳಿಕೊಂಡು ಹೋಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬಂದ ದಾರಿಯಲ್ಲೇ ಉರುಳಿಕೊಂಡು ವಾಪಸಾಗುತ್ತಿತ್ತು. ಕಪಾಟಿನಲ್ಲಿದ್ದ ಕಾಫಿ ಬಟ್ಟಲುಗಳು ಸಣ್ಣಗೆ ಕಿಣಿಕಿಣಿ ಅಂದವು. ನನ್ನ ಗಂಡ ರೂಬೆನ್ ಅಡುಗೆಮನೆಯ ಬೆಂಚಿನ ಮೇಲೆ ಕಾಲು ಚಾಚಿ ಆಗಲೇ ತೂಕಡಿಸುತ್ತಿದ್ದ.

"ಏನದು ಸದ್ದು?" ಎಂದೆ.

"ಅಮ್ಮ ಬಟ್ಟೆ ಒತ್ತುತಾ ಇದಾಳೆ," ಎಂದು ಕಣ್ಣು ಬಿಡದೆಯೇ ಹೇಳಿದ. "ಸ್ವಲ್ಪ ಹೊತ್ತು ಕೂತ್ಕೋ. ನಿಂಗೂ ನಿದ್ದೆ ಬರುತ್ತೆ."

ನನಗೆ ನಿದ್ದೆ ಬರಲಿಲ್ಲ. ಸದ್ದಿನ ಜಾಡು ಹಿಡಿದು ಹೋದೆ. ನಮ್ಮ ಮನೆಯ ಮುಂದಿನ ಓಣಿ ದಾಟಿ, ಹಳೆಯ ಬಾವಿಯ ಪಕ್ಕದಲ್ಲಿ ಸುಣ್ಣಕಲ್ಲಿನ ಒಂದು ಗುಡಿಸಲಿತ್ತು. ಬಾಗಿಲು ತೆರೆದಿತ್ತು. ಒಳಗೆ ಉದ್ದನೆಯ ಓಕ್ ಮರದ ಹಾಸು. ಅದರ ಮೇಲೆ ಲಟ್ಟಣಿಗೆಯಂಥ ಎರಡು ಉರುಳೆಗಳು, ಆದರೆ ಒಂದೊಂದೂ ನನ್ನ ತೋಳಿಗಿಂತ ಉದ್ದ. ಆ ಉರುಳೆಗಳ ಮೇಲೆ ದೋಣಿಯಷ್ಟು ದೊಡ್ಡದಾದ ಮರದ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಸಮುದ್ರದಂಡೆಯ ಬೂದು ಕಲ್ಲುಗಳು. ಅರೆಒದ್ದೆ ದುಪ್ಪಟಿಯನ್ನು ಉರುಳೆಗೆ ಬಿಗಿಯಾಗಿ ಸುತ್ತಿ, ಆ ಕಲ್ಲಿನ ಪೆಟ್ಟಿಗೆಯನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತಿದ್ದರು. ಈ ತುದಿಯಲ್ಲಿ ನನ್ನ ಅತ್ತೆ ರಾಗ್ನಾ, ಗಂಡನ ಹಳೆಯ ಸ್ವೆಟರ್ ತೊಟ್ಟು, ತೋಳು ಮಡಚಿಕೊಂಡು. ಆ ತುದಿಯಲ್ಲಿ ಎದುರುಮನೆಯ ಹಿಲ್ಮಾ, ತೆಳ್ಳಗೆ ಎತ್ತರವಾಗಿದ್ದ ಹೆಂಗಸು. ಅತ್ತೆ ಎಳೆದಾಗ ಹಿಲ್ಮಾ ಮುಂದಕ್ಕೆ ಬಾಗುವರು; ಹಿಲ್ಮಾ ಎಳೆದಾಗ ಅತ್ತೆ ಬಾಗುವರು. ಇಬ್ಬರ ಬಾಯಿಯೂ ಬಿಡುವಿಲ್ಲದೆ ಆಡುತ್ತಿತ್ತು. ಏನು ಮಾತಾಡುತ್ತಿದ್ದಾರೆ ಎಂದು ಬಾಗಿಲಲ್ಲಿ ನಿಂತ ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಬೆಳಕಿನಲ್ಲಿ ಬಟ್ಟೆಯ ನವಿರು ಎಳೆಗಳು ಹಾರಾಡುತ್ತಿದ್ದವು. ಒದ್ದೆ ನಾರಿನ, ಹಳೆಯ ಮರದ ವಾಸನೆ. ನೋಡುತ್ತ ನಿಂತ ಹಾಗೆ ನನ್ನ ಮೈ ತಾನಾಗಿಯೇ ಅವರ ಜೊತೆ ತೂಗತೊಡಗಿತು.

ರೂಬೆನ್ ಹೇಳಿದ್ದು ಸುಳ್ಳಲ್ಲ. ಅವನು ಕೂಸಾಗಿದ್ದಾಗ ಅತ್ತೆ ಅವನನ್ನು ಹೊದಿಕೆಯಲ್ಲಿ ಸುತ್ತಿ ಆ ಪೆಟ್ಟಿಗೆಯ ಮೇಲೆ, ಕಲ್ಲುಗಳ ನಡುವೆ ಮಲಗಿಸುತ್ತಿದ್ದರಂತೆ. ಊರಿನ ಎಷ್ಟೋ ಮಕ್ಕಳು ಹಾಗೆ ಮಲಗಿದವರೇ. ದೊಡ್ಡವರಾದ ಮೇಲೂ ಆ ಗುಡುಗು ಕೇಳಿದರೆ ಅವರ ರೆಪ್ಪೆ ಭಾರವಾಗುತ್ತಿತ್ತು.

ಪೆಟ್ಟಿಗೆ ಐದು ಮನೆಗಳ ಸೊತ್ತು. ಆದರೆ ಆ ಇಬ್ಬರು ಹೆಂಗಸರ ಪಾಲಿಗೆ ಅದು ಬರೀ ಬಟ್ಟೆ ಒತ್ತುವ ಸಾಧನವಾಗಿರಲಿಲ್ಲ ಎಂದು ನನಗೆ ನಿಧಾನವಾಗಿ ತಿಳಿಯಿತು. ನನ್ನ ಮಾವ ಏವಾಲ್ಡ್ ಮತ್ತು ಹಿಲ್ಮಾಳ ಗಂಡ ಗೊಟ್‌ಫ್ರಿಡ್ ನಡುವೆ ಮಾತಿರಲಿಲ್ಲ. ಗೊಟ್‌ಫ್ರಿಡ್‌ನ ಒಂದು ಒಳ್ಳೆಯ ಟಗರು ನಮ್ಮ ಮಾವನ ಕಲ್ಲುಗಣಿಯ ಹೊಂಡದಲ್ಲಿ ಬಿದ್ದು ಸತ್ತಿತ್ತು. ಬೇಲಿ ಹಾಕದೇ ಇದ್ದದ್ದು ಇವರ ತಪ್ಪೋ, ಟಗರನ್ನು ಕಟ್ಟದೇ ಇದ್ದದ್ದು ಅವರ ತಪ್ಪೋ, ಅದು ಇತ್ಯರ್ಥವಾಗುವ ಮೊದಲೇ ಮಹಾಯುದ್ಧ ಶುರುವಾಗಿ ಮುಗಿದೂ ಹೋಯಿತು. ಗಂಡಸರಿಬ್ಬರೂ ಇಗರ್ಜಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದರು. ಈ ಮನೆಯವರು ಆ ಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ.

"ಆದರೆ ನೀವಿಬ್ಬರೂ?" ಎಂದು ನಾನು ಅತ್ತೆಯನ್ನು ಕೇಳಿದ್ದೆ.

"ಗಂಡಸರು ಮಾತು ಬಿಟ್ಟರು ಅಂತ ದುಪ್ಪಟಿ ಸುಕ್ಕು ಬಿಡುತ್ತೇನೇ?" ಎಂದರು ಅತ್ತೆ. "ಪೆಟ್ಟಿಗೆ ಎಳೆಯೋಕೆ ಇಬ್ಬರು ಬೇಕು. ನನ್ನ ಅಳತೆಗೆ ಸರಿಯಾಗಿ ಎಳೆಯೋಳು ಅವಳೊಬ್ಬಳೇ. ಏವಾಲ್ಡ್‌ಗೂ ಅದು ಗೊತ್ತಿತ್ತು. ಸುಕ್ಕು ದುಪ್ಪಟಿ ಮೇಲೆ ಅವನಿಗೂ ನಿದ್ದೆ ಬರ್ತಿರಲಿಲ್ಲ ನೋಡು."

ಹೀಗೆ ಜಗಳವಾಡಿದ ಎರಡು ಮನೆಗಳ ನಡುವೆ, ಯಾರೊಬ್ಬರದ್ದೂ ಅಲ್ಲದ ಒಂದು ಗುಡಿಸಲಲ್ಲಿ, ಇವರಿಬ್ಬರೂ ಯೌವನದಿಂದ ಮುಪ್ಪಿನವರೆಗೆ ಮಾತಾಡಿಕೊಂಡು ಬಂದಿದ್ದರು. ಪೆಟ್ಟಿಗೆಯ ಸದ್ದೇ ಅವರಿಗೆ ಗೋಡೆ. ಹೆರಿಗೆ, ಗರ್ಭ ಇಳಿದದ್ದು, ಗಂಡಂದಿರ ಮೇಲಿನ ಸಿಟ್ಟು, ಪಾದ್ರಿಯ ಹೆಂಡತಿಯ ಹೊಸ ಟೋಪಿ, ಎಲ್ಲವೂ ಆ ಗುಡುಗಿನ ಕೆಳಗೆ ಆಗಿಹೋಗಿತ್ತು. ಪೆಟ್ಟಿಗೆ ನಿಂತರೆ ಮಾತೂ ನಿಲ್ಲುತ್ತಿತ್ತು. ದುಪ್ಪಟಿಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅತ್ತೆ ಇತ್ತ, ಹಿಲ್ಮಾ ಅತ್ತ. ಮೊದಲು ಏವಾಲ್ಡ್ ಹೋದರು, ಅವರ ಹಿಂದೆಯೇ ಗೊಟ್‌ಫ್ರಿಡ್. ಜಗಳವಾಡುವವರು ಇಬ್ಬರೂ ಮಣ್ಣಾದರು. ಆದರೂ ಹೆಂಗಸರಿಬ್ಬರು ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಕಾಲಿಡಲಿಲ್ಲ. ದ್ವೇಷದಿಂದಲ್ಲ. ಅದು ಹೇಗೆ ಎಂದು ಗೊತ್ತಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಇಸ್ತ್ರಿ ಬೇಡದ ದುಪ್ಪಟಿಗಳು ಬಂದವು. ಮೊದಲು ಕೊಂಡವಳು ನಾನೇ. ಹಳದಿ ಹೂವಿನವು, ಮುಟ್ಟಿದರೆ ಸಣ್ಣಗೆ ಚಟಚಟ ಅನ್ನುತ್ತಿದ್ದವು. ಬಟ್ಟೆ ಒಗೆಯುವ ಯಂತ್ರ ಬಂತು. ಮುಖ್ಯಭೂಮಿಯಿಂದ ನಮ್ಮ ದ್ವೀಪಕ್ಕೆ ಸೇತುವೆಯೂ ಆಯಿತು. ಐದರಲ್ಲಿ ಮೂರು ಮನೆಗಳನ್ನು ಸ್ಟಾಕ್‌ಹೋಮಿನವರು ಬೇಸಿಗೆ ಕಳೆಯಲೆಂದು ಕೊಂಡರು. ಅವರ ಮಕ್ಕಳು ಗುಡಿಸಲಿನ ಕಿಟಕಿಯಲ್ಲಿ ಇಣುಕಿ, "ಒಳಗೆ ಶವಪೆಟ್ಟಿಗೆ ಇದೆ," ಎಂದು ಕಿರುಚಿಕೊಂಡು ಓಡುತ್ತಿದ್ದವು. ಅತ್ತೆ ಮತ್ತು ಹಿಲ್ಮಾ ಮಾತ್ರ ಅಗಸೆನಾರಿನ ದುಪ್ಪಟಿಗಳನ್ನು ಬಿಡಲಿಲ್ಲ.

ಒಂದು ವರ್ಷ ಶರತ್ಕಾಲದ ಬಿರುಗಾಳಿಗೆ ಗುಡಿಸಲಿನ ಅರ್ಧ ಮಾಡು ಹಾರಿಹೋಯಿತು. ಸೇತುವೆಯಾಚೆಯ ಊರಿನ ಮ್ಯೂಸಿಯಂನವರು ಯಾರಿಂದಲೋ ಸುದ್ದಿ ತಿಳಿದು, ಪೆಟ್ಟಿಗೆಯನ್ನು ತಮಗೆ ಕೊಟ್ಟರೆ ಜೋಪಾನವಾಗಿ ಇಡುತ್ತೇವೆ ಎಂದರು. ತಮ್ಮ ಮನೆಗಳಿಗೆ ಏನಾಯಿತೆಂದು ನೋಡಲು ಬಂದಿದ್ದ ಬೇಸಿಗೆಯವರಿಗೆ ಸಂತೋಷವೇ. ಆದರೂ ಸೌಜನ್ಯಕ್ಕೆ ಇವರಿಬ್ಬರನ್ನೂ ಕೇಳಿದರು. ಬಾವಿಯ ಹತ್ತಿರ ಎಲ್ಲರೂ ಗಾಳಿಗೆ ಕೋಟು ಬಿಗಿಹಿಡಿದು ನಿಂತಿದ್ದೆವು.

"ತಗೊಂಡು ಹೋಗಲಿ," ಎಂದರು ಅತ್ತೆ, ಹಿಲ್ಮಾಳ ಕಡೆ ನೋಡದೆ.

"ಹೂಂ, ತಗೊಂಡು ಹೋಗಲಿ," ಎಂದರು ಹಿಲ್ಮಾ, ನೆಲ ನೋಡುತ್ತ.

ಲಾರಿ ಬಂದ ದಿನ ಮಂಜಿತ್ತು. ಮ್ಯೂಸಿಯಂನ ಆಳುಗಳು ಕಲ್ಲುಗಳನ್ನು ಒಂದೊಂದಾಗಿ ತೆಗೆದು ಹುಲ್ಲಿನ ಮೇಲಿಟ್ಟು ಸೀಮೆಸುಣ್ಣದಿಂದ ಗುರುತು ಹಾಕಿದರು. ಹುಲ್ಲಿನ ಮೇಲೆ ಅವು ಮಲಗಿದ ಕುರಿಗಳ ಹಾಗೆ ಕಾಣುತ್ತಿದ್ದವು. ಅತ್ತೆ ಓಣಿಯ ಈ ಪಕ್ಕ ನಿಂತಿದ್ದರು, ಹಿಲ್ಮಾ ಆ ಪಕ್ಕ. ಲಾರಿ ಮಂಜಿನೊಳಗೆ ಹೋದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಅದು ಹೋದ ದಿಕ್ಕಿಗೇ ನೋಡುತ್ತಿದ್ದು, ಆಮೇಲೆ ಒಳಗೆ ಹೋದರು.

ಆ ಚಳಿಗಾಲದಷ್ಟು ಮೌನವಾದ ಚಳಿಗಾಲವನ್ನು ನಾನು ಕಂಡಿಲ್ಲ. ಸಮುದ್ರ ದಡದುದ್ದಕ್ಕೂ ಹೆಪ್ಪುಗಟ್ಟಿತ್ತು. ಅತ್ತೆ ಊರುಗೋಲಿಲ್ಲದೆ ಓಡಾಡುತ್ತಿದ್ದವರು ಇದ್ದಕ್ಕಿದ್ದಂತೆ ಕುರ್ಚಿ ಹಿಡಿದರು. ಕಿಟಕಿಯ ಬಳಿ ಕೂತು ಎದುರುಮನೆಯ ಹೊಗೆಗೂಡು ನೋಡುತ್ತಿದ್ದರು. ಬೆಳಿಗ್ಗೆ ಅಲ್ಲಿ ಹೊಗೆ ಎದ್ದರೆ, "ಎದ್ದಳು," ಎನ್ನುವರು, ಯಾರಿಗೂ ಅಲ್ಲ ಎಂಬಂತೆ. ಒಮ್ಮೊಮ್ಮೆ ಇಬ್ಬರೂ ಅಂಗಡಿಯಲ್ಲಿ ಎದುರಾಗುತ್ತಿದ್ದರು. ನಾನು ಪಕ್ಕದಲ್ಲೇ ಇರುತ್ತಿದ್ದೆ.

"ಚಳಿ," ಎನ್ನುವರು ಹಿಲ್ಮಾ.

"ಹೂಂ, ಚಳಿ," ಎನ್ನುವರು ಅತ್ತೆ.

ಅಷ್ಟೇ. ಒಬ್ಬರು ಸಾಸಿವೆ ಡಬ್ಬಿ ನೋಡುವರು, ಇನ್ನೊಬ್ಬರು ಬೆಂಕಿಪೊಟ್ಟಣ.

ನನಗೆ ತಡೆಯಲಾಗಲಿಲ್ಲ. "ಹಿಲ್ಮಾ ಚಿಕ್ಕಮ್ಮನ್ನ ಕಾಫಿಗೆ ಕರೀರಿ ಅತ್ತೆ. ಈಗ ಬೇಡ ಅನ್ನೋರು ಯಾರಿದಾರೆ?" ಎಂದೆ.

"ಕರೆದು? ಎದುರಾಬದುರಾ ಕೂತು ಮುಖ ಮುಖ ನೋಡ್ಕೊಳೋದಾ?"

"ಮಾತಾಡಿ. ಅಷ್ಟು ವರ್ಷ ಮಾತಾಡಿಲ್ವಾ?"

"ಅದು ಬೇರೆ." ಅತ್ತೆ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. "ಕೈ ಖಾಲಿ ಇಟ್ಕೊಂಡು ನಾನು ಅವಳ ಹತ್ರ ಒಂದು ಮಾತೂ ಆಡಿದೋಳಲ್ಲ, ಲಿಸ್ಬೆತ್. ಹೇಗೆ ಶುರು ಮಾಡೋದು?"

ನಾನೇ ಹೋಗಿ ಕರೆದೆ. ಹಿಲ್ಮಾ ಬಂದರು, ತಲೆಗೆ ಶಾಲು ಕಟ್ಟಿ, ಬಗಲಲ್ಲಿ ಕೇಸರಿ ಬನ್ನುಗಳ ಪೊಟ್ಟಣ ಹಿಡಿದು. ಹಿಂಬಾಗಿಲ ಮೆಟ್ಟಿಲವರೆಗೆ ಬಂದರು. ಅತ್ತೆ ಬಾಗಿಲಲ್ಲಿ ನಿಂತರು. ಹೊಸ್ತಿಲು ಇಬ್ಬರ ನಡುವೆ.

"ಬಾ ಒಳಗೆ," ಎಂದರು ಅತ್ತೆ.

"ಬೂಟೆಲ್ಲ ಹಿಮ," ಎಂದರು ಹಿಲ್ಮಾ.

"ಹಿಮ ತಾನೇ."

"ಇನ್ನೊಂದ್ಸಲ ಬರ್ತೀನಿ." ಬನ್ನುಗಳನ್ನು ಅತ್ತೆಯ ಕೈಗಿತ್ತು ಅವರು ಓಣಿ ದಾಟಿ ಹೋಗಿಬಿಟ್ಟರು. ಆ ದಿನವಿಡೀ ಅತ್ತೆ ಬನ್ನು ಮುಟ್ಟಲಿಲ್ಲ. ಸಂಜೆ ಒಂದನ್ನು ಕಾಫಿಯಲ್ಲಿ ಅದ್ದಿ ತಿಂದು, "ಕೇಸರಿ ಜಾಸ್ತಿ ಹಾಕ್ತಾಳೆ. ಎಷ್ಟು ಸಲ ಹೇಳಿದೀನಿ," ಎಂದರು.

ಹಿಮ ಕರಗಿ, ಬಯಲಿನ ತುಂಬ ಸಣ್ಣ ಹಳದಿ ಹೂಗಳು ಎದ್ದ ಹೊತ್ತಿಗೆ ಮ್ಯೂಸಿಯಂನಿಂದ ಫೋನು ಬಂತು. ಪೆಟ್ಟಿಗೆಯ ಉಸ್ತುವಾರಿ ಹೊತ್ತವಳು ಉಲ್ರಿಕಾ ಎಂಬ ಹೆಂಗಸು, ನನ್ನದೇ ವಯಸ್ಸಿನವಳಿರಬೇಕು, ಬೆಚ್ಚನೆಯ ದನಿ.

"ಪೆಟ್ಟಿಗೆ ಚೆನ್ನಾಗಿ ಕೂತಿದೆ," ಎಂದಳು. "ಆದ್ರೆ ನಂಗೆ ಅದರ ಸದ್ದು ಬೇಕು. ಟೇಪಿನಲ್ಲಿ ಹಿಡಿದಿಡಬೇಕು ಅಂತ ಆಸೆ. ಅದನ್ನ ಎಳೆಯೋಕೆ ಬರೋರು ಯಾರಾದ್ರೂ ಇನ್ನೂ ಇದಾರಾ ನಿಮ್ಮೂರಲ್ಲಿ?"

ಇದ್ದಾರೆ ಎಂದೆ. ಅತ್ತೆಗೆ ಹೇಳಿದಾಗ ಅವರು ಎದ್ದು ಹೋಗಿ ಕೂದಲು ಬಾಚಿಕೊಂಡರು. ಹಿಲ್ಮಾ ಬಾಗಿಲ ಬಳಿಯೇ ಕೇಳಿಸಿಕೊಂಡು, "ಯಾವತ್ತು?" ಎಂದಷ್ಟೇ ಕೇಳಿದರು.

ಹೊರಟ ಬೆಳಿಗ್ಗೆ ಅತ್ತೆ ನನ್ನ ಪಕ್ಕದಲ್ಲಿ ಕೂತರು, ಹಿಲ್ಮಾ ಹಿಂದಿನ ಸೀಟಿನಲ್ಲಿ, ಮಡಿಲ ಮೇಲೊಂದು ದೊಡ್ಡ ಚೀಲ ಇಟ್ಟುಕೊಂಡು. ಸೇತುವೆ ಹತ್ತಿದಾಗ ಜಲಸಂಧಿಯ ಮೇಲೆ ಮಂಜು ಹಬ್ಬಿತ್ತು. ಕೆಳಗೆ ನೀರಿಲ್ಲ, ಮುಂದೆ ದಡವಿಲ್ಲ. ಸೇತುವೆ ಬಿಳುಪಿನಿಂದ ಹೊರಟು ಬಿಳುಪಿನೊಳಗೇ ಹೋಗುತ್ತಿತ್ತು. ದೀಪದ ಕಂಬಗಳು ಒಂದೊಂದಾಗಿ ತೇಲಿ ಬಂದು ಹಿಂದೆ ಸರಿಯುತ್ತಿದ್ದವು. ಕಾರು ಓಡುತ್ತಿದೆಯೋ ನಿಂತಿದೆಯೋ ತಿಳಿಯಲಿಲ್ಲ. ಎಲ್ಲಿಗೋ ಹೊರಟು, ಎಲ್ಲಿಗೆಂದು ಮರೆತ ಕನಸಿನ ಹಾಗಿತ್ತು. ಕನ್ನಡಿಯಲ್ಲಿ ನೋಡಿದೆ. ಹಿಲ್ಮಾ ಕಣ್ಣು ಮುಚ್ಚಿದ್ದರು, ತುಟಿಯಲ್ಲಿ ಸಣ್ಣ ನಗೆ ಇತ್ತು.

ಮ್ಯೂಸಿಯಂ ಇದ್ದದ್ದು ಒಂದು ಕಾಲದಲ್ಲಿ ದವಸದ ಉಗ್ರಾಣವಾಗಿದ್ದ ಕಟ್ಟಡದಲ್ಲಿ. ಉಲ್ರಿಕಾ ನಮ್ಮ ಕೋಟುಗಳನ್ನು ತೆಗೆದುಕೊಂಡು ಒಳಗೆ ಕರೆದೊಯ್ದಳು. ಸಾಲಾಗಿ ಬೆಣ್ಣೆ ಕಡೆಯುವ ಕೊಳಗ, ಕೆಂಡದ ಇಸ್ತ್ರಿಪೆಟ್ಟಿಗೆ, ಸೀಮೆಎಣ್ಣೆ ದೀಪ, ಗೋಡೆಗೆ ಮೊಳೆ ಹೊಡೆದ ಫೋನು. ಎಲ್ಲವೂ ಸ್ನಾನ ಮಾಡಿಸಿದ ಮಕ್ಕಳಂತೆ ತೊಳೆದು ಒರೆಸಿ, ಸದ್ದಿಲ್ಲದೆ ನಿಂತಿದ್ದವು. ಗಾಜಿನ ಪೆಟ್ಟಿಗೆಯೊಂದರ ಮುಂದೆ ಅತ್ತೆ ನಿಂತುಬಿಟ್ಟರು. ಒಳಗೆ ಹಿತ್ತಾಳೆಯ ಹಿಡಿಯಿದ್ದ ಕಾಫಿಬೀಜ ಅರೆಯುವ ಗಿರಣಿ.

"ಹಿಲ್ಮಾ, ಇಲ್ಲಿ ನೋಡು. ಇವತ್ತು ಬೆಳಿಗ್ಗೆ ಕಾಫಿ ಅರೆದದ್ದು ಇಂಥದ್ರಲ್ಲೇ."

"ನಾನೂ." ಹಿಲ್ಮಾ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. "ಹಂಗಾದ್ರೆ ಸಂಜೆ ನಮ್ಮನ್ನ ಮನೆಗೆ ಬಿಡ್ತಾರೋ ಇಲ್ವೋ ಕೇಳ್ಕೊಂಡಿರೋದು ಒಳ್ಳೇದು."

"ನಿನ್ನ ಇಟ್ಕೋತಾರೆ. ನಾನಿನ್ನೂ ಕೆಲಸಕ್ಕೆ ಬರ್ತೀನಿ."

ಆರೇಳು ತಿಂಗಳಲ್ಲಿ ಅವರಿಬ್ಬರೂ ಆಡಿದ ಮೊದಲ ನಿಜವಾದ ಮಾತುಗಳು ಅವು. ಉಲ್ರಿಕಾ ನಗು ತಡೆಯಲಾಗದೆ ನನ್ನ ತೋಳು ಹಿಡಿದುಕೊಂಡಳು.

ಪೆಟ್ಟಿಗೆ ದೊಡ್ಡ ಕೋಣೆಯ ಕೊನೆಯಲ್ಲಿತ್ತು. ಸುತ್ತ ಕೆಂಪು ಹಗ್ಗ. ಮರಕ್ಕೆ ಎಣ್ಣೆ ಹಚ್ಚಿದ್ದರು; ಕಲ್ಲುಗಳನ್ನು ಎಷ್ಟು ಉಜ್ಜಿದ್ದರೆಂದರೆ ಅವು ಮೊಟ್ಟೆಗಳಂತೆ ಮಿನುಗುತ್ತಿದ್ದವು. ಅತ್ತೆ ಹಗ್ಗದ ಹೊರಗೆ ನಿಂತು ಮೂಸಿದರು. ಹುಟ್ಟಿದ ಮನೆಗೆ ಬಂದು ಅಲ್ಲಿ ಬೇರೆ ಯಾರೋ ಇರುವುದನ್ನು ಕಂಡವರ ಮುಖವಾಗಿತ್ತು ಅವರದು.

"ನಿಮಗೊಂದು ತೋರಿಸ್ಬೇಕು," ಎಂದಳು ಉಲ್ರಿಕಾ. ಟಾರ್ಚು ಹಿಡಿದು ಹಾಸಿನ ಅಡಿಗೆ ಬಗ್ಗಿದಳು. ನಾವೂ ಬಗ್ಗಿದೆವು. ಹಲಗೆಯ ಅಡಿಯಲ್ಲಿ ಯಾರೋ ಉಳಿಯಿಂದ ಒಂದು ಹಡಗನ್ನು ಕೆತ್ತಿದ್ದರು, ಪಟ ಬಿಚ್ಚಿದ ಪುಟ್ಟ ಹಡಗು. "ಮಾಡಿದೋನು ಹಡಗಿನ ಬಡಗಿ ಅನ್ಸುತ್ತೆ. ಹಲಗೆ ಜೋಡಿಸಿರೋ ರೀತಿನೂ ಹಡಗಿಂದೇ."

ಇಬ್ಬರು ಹೆಂಗಸರೂ ಮುಖ ಮುಖ ನೋಡಿಕೊಂಡರು. "ಇಷ್ಟು ವರ್ಷ," ಎಂದರು ಹಿಲ್ಮಾ, "ನಾವು ಹಡಗಿನ ಮೇಲೆ ಓಡಾಡ್ತಿದ್ವಾ!"

ಉಲ್ರಿಕಾ ಹಗ್ಗ ಬಿಚ್ಚಿದಳು. ಉರುಳೆಗಳಿಗೆ ಕೊಟ್ಟಿದ್ದ ಬೆಣೆ ತೆಗೆದಳು. ದೊಡ್ಡ ಸುರುಳಿಗಳ ಟೇಪ್ ಯಂತ್ರವನ್ನು ಮೇಜಿನ ಮೇಲಿಟ್ಟು ತಂತಿ ಜೋಡಿಸಿದಳು; ಆ ಯಂತ್ರ ಆಗ ಎಲ್ಲರೂ ಬಾಯಿ ಬಿಟ್ಟು ನೋಡುವಷ್ಟು ಹೊಸದು. "ಒತ್ತೋಕೆ ಬಟ್ಟೆ ಬೇಕಾ? ನಮ್ಮ ಹತ್ರ ಹಳೇ ಮೇಜಿನ ಬಟ್ಟೆ ಇದೆ, ಆದ್ರೆ ಅದು…"

"ಬೇಡ." ಹಿಲ್ಮಾ ಚೀಲ ಬಿಚ್ಚಿದರು. ಒಳಗೆ ಅಗಸೆನಾರಿನ ದುಪ್ಪಟಿಗಳು, ನೀರು ಚಿಮುಕಿಸಿ ಮಡಚಿದವು. "ಶರತ್ಕಾಲದಿಂದ ಒತ್ತಿಲ್ಲ. ಸುಕ್ಕಿನ ಮೇಲೆ ಮಲಗಿ ಮಲಗಿ ಮೈಯೆಲ್ಲ ಗೆರೆ ಬಿದ್ದಿದೆ."

ಅತ್ತೆ ನಕ್ಕರು. ಎಷ್ಟೋ ಕಾಲದ ಮೇಲೆ, ಹೊಟ್ಟೆಯಿಂದ ಎದ್ದ ನಗು. ಹಿಲ್ಮಾ ದುಪ್ಪಟಿಯ ಒಂದು ತುದಿ ಹಿಡಿದರು, ಅತ್ತೆ ಇನ್ನೊಂದು. ಉರುಳೆಗೆ ಸುತ್ತಿದರು. ಪೆಟ್ಟಿಗೆಯ ಮೂತಿ ಮೇಲೆತ್ತಿ ಉರುಳೆ ಒಳಗೆ ಸೇರಿಸಿದರು. ಅತ್ತೆ ಕೋಟಿನ ಕೆಳಗೆ ಮಾವನ ಅದೇ ಹಳೆಯ ಸ್ವೆಟರ್ ತೊಟ್ಟು ಬಂದಿದ್ದರು ಎನ್ನುವುದನ್ನು ನಾನು ಆಗಷ್ಟೇ ಗಮನಿಸಿದೆ. ತೋಳು ಮಡಚಿದರು. ಉಲ್ರಿಕಾ ಗುಂಡಿ ಒತ್ತಿದಳು.

ಮೊದಲ ಎಳೆತಕ್ಕೆ ಪೆಟ್ಟಿಗೆ ನರಳಿತು. ಎರಡನೆಯದಕ್ಕೆ ಉರುಳಿತು. ಆಮೇಲೆ ಗುಡುಗು.

ಹಳೆಯ ಉಗ್ರಾಣದ ತೊಲೆಗಳು ಆ ಸದ್ದನ್ನು ಹಿಡಿದುಕೊಂಡು ಗೋಡೆಯಿಂದ ಗೋಡೆಗೆ ದಾಟಿಸಿದವು. ಗಾಜಿನ ಪೆಟ್ಟಿಗೆಗಳೊಳಗೆ ಬಟ್ಟಲುಗಳು ಕಿಣಿಗುಟ್ಟಿದವು, ತೂಗುಹಾಕಿದ ದೀಪಗಳು ಅಲ್ಲಾಡಿದವು, ಹಳೆಯ ಫೋನಿನ ಗಂಟೆ ತನ್ನಷ್ಟಕ್ಕೆ ಒಮ್ಮೆ ಟಿಣ್ ಎಂದಿತು. ಇಷ್ಟು ಹೊತ್ತು ಸತ್ತಂತಿದ್ದ ಸಾಮಾನುಗಳೆಲ್ಲ ಯಾರೋ ಹೆಸರು ಹಿಡಿದು ಕರೆದ ಹಾಗೆ ಸಣ್ಣಗೆ ಓಗೊಟ್ಟವು. ಬಾಗಿಲ ಬಳಿಯ ಕುರ್ಚಿಯಲ್ಲಿದ್ದ ಮುದಿ ಕಾವಲುಗಾರ, ಸದ್ದಿಗೆ ಗಾಬರಿಯಾಗಿ ಎದ್ದವನು, ಸ್ವಲ್ಪ ಹೊತ್ತು ನೋಡಿದ, ಕೂತ, ಗಲ್ಲ ಎದೆಗೆ ತಾಗಿತು. ನಿದ್ದೆ ಹೋದ. ನನ್ನ ರೆಪ್ಪೆಗಳೂ ಎಳೆಯುತ್ತಿದ್ದವು. ಕಣ್ಣು ಅರೆಮುಚ್ಚಿ ನೋಡಿದರೆ ಅತ್ತೆ ಮತ್ತು ಹಿಲ್ಮಾ ನಿಜಕ್ಕೂ ಒಂದು ಹಡಗಿನ ಎರಡು ತುದಿಗಳಲ್ಲಿ ಬಾಗುತ್ತ ಏಳುತ್ತ ಎಲ್ಲಿಗೋ ಸಾಗುತ್ತಿದ್ದರು.

ಇಬ್ಬರ ಬಾಯಿಯೂ ಆಡುತ್ತಿತ್ತು.

ಉರುಳೆ ಬದಲಿಸಲು ನಾನು ಹತ್ತಿರ ಹೋದಾಗ ಮಾತ್ರ ಕೇಳಿಸಿತು. ಅತ್ತೆ ಹೆಚ್ಚುಕಡಿಮೆ ಕೂಗುತ್ತಿದ್ದರು. "ಮತ್ತೆ ತಗೊಂಡು ಹೋಗಲಿ ಅಂತ ಯಾಕಂದೆ?"

"ಮೊದಲು ಅಂದೋಳು ನೀನು!"

"ನಿಂಗೆ ಬೆನ್ನುನೋವು ಅಂತ ಅಂದೆ ಕಣೇ! ಆ ಬೇಸಿಗೆಯೆಲ್ಲ ಬೆನ್ನು ಹಿಡ್ಕೊಂಡು ಓಡಾಡ್ತಿದ್ದೆ."

"ಅದು ಆಲೂಗಡ್ಡೆ ಅಗೆದು! ಪೆಟ್ಟಿಗೆ ಎಳೆದು ಯಾವತ್ತು ನೋವು ಬಂದಿದೆ ನಂಗೆ? ನಿಂಗೆ ಸಾಕಾಗಿದೆ ಅಂದ್ಕೊಂಡೆ. ಸೊಸೆ ಹೂವಿನ ದುಪ್ಪಟಿ ತಂದಿದಾಳೆ, ಇನ್ನು ಇವಳಿಗೆ ನನ್ನ ಹಂಗೇನು ಅಂತ."

"ಆ ಚಟಚಟ ಅನ್ನೋದ್ರ ಮೇಲೆ ಮಲಗೋದು ನಾನಾ? ತಲೆ ಕೆಟ್ಟಿದೆಯಾ ನಿಂಗೆ?"

"ಬಾಯಿ ಬಿಟ್ಟು ಹೇಳ್ಬಾರದಾಗಿತ್ತಾ?"

"ಬಾವಿ ಹತ್ರ? ಆ ಸ್ಟಾಕ್‌ಹೋಮಿನೋರ ಎದುರಿಗೆ? ಸದ್ದೇ ಇಲ್ಲದೆ?"

ಹಿಲ್ಮಾ ಎಳೆದರು. ಅತ್ತೆ ಎಳೆದರು. ಇಬ್ಬರ ಕಣ್ಣಲ್ಲೂ ನೀರು ಹರಿಯುತ್ತಿತ್ತು, ಇಬ್ಬರೂ ನಗುತ್ತಿದ್ದರು, ಪೆಟ್ಟಿಗೆ ತನ್ನ ದಾರಿಯಲ್ಲಿ ಹೋಗಿ ಬರುತ್ತಿತ್ತು.

ದುಪ್ಪಟಿಗಳೆಲ್ಲ ಮುಗಿದ ಮೇಲೆ ಕಟ್ಟಡದ ಮೇಲ್ವಿಚಾರಕರು ಮೆಟ್ಟಿಲೇರಿ ಬಂದರು. ಒರಟರಲ್ಲ; ಕೈಯಲ್ಲಿ ಟೋಪಿ ಹಿಡಿದುಕೊಂಡೇ ಮಾತಾಡಿದರು. ಕೆಳಗಿನ ಕೋಣೆಯ ಗಾರೆ ಉದುರುತ್ತಿದೆಯಂತೆ. ಈ ನೆಲಕ್ಕೆ ಇಷ್ಟು ಅಲುಗಾಟ ತಾಳುವ ಶಕ್ತಿ ಇಲ್ಲ. "ಕ್ಷಮಿಸಿ ಅಮ್ಮಾ. ಇದನ್ನ ಇನ್ನು ಓಡಿಸೋಕಾಗಲ್ಲ. ನಿಂತೇ ಇರಬೇಕು."

ಉಲ್ರಿಕಾಳ ಮುಖ ಬಾಡಿತು. ಅವಳ ಮನಸ್ಸಿನಲ್ಲಿ ವರ್ಷಕ್ಕೊಮ್ಮೆಯಾದರೂ ಇವರನ್ನು ಕರೆಸಬೇಕೆಂದಿತ್ತು. ಅತ್ತೆ ಪೆಟ್ಟಿಗೆಯ ಹಿಡಿಯ ಮೇಲೆ ಅಂಗೈ ಇಟ್ಟರು. ಮರ ಇನ್ನೂ ಬೆಚ್ಚಗಿತ್ತು.

"ನಿಂತಿರಲಿ ಬಿಡಿ," ಎಂದರು. "ಸಾಕಷ್ಟು ಓಡಾಡಿದೆ."

ಆ ಟೇಪನ್ನು ನಾನು ಆಮೇಲೆ ಕೇಳಿದ್ದೇನೆ. ಉದ್ದಕ್ಕೂ ಗುಡುಗು. ಅದರ ಕೆಳಗೆ, ತುಂಬ ಕೆಳಗೆ, ಇಬ್ಬರು ಮಾತಾಡುತ್ತಿರುವುದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಈಗ ಆ ಟೇಪ್ ಯಂತ್ರವೂ ಅದೇ ಕೋಣೆಯಲ್ಲಿದೆ, ಪೆಟ್ಟಿಗೆಯಿಂದ ನಾಲ್ಕು ಹೆಜ್ಜೆ ಆಚೆ, ಗಾಜಿನೊಳಗೆ. ಅದನ್ನು ಓಡಿಸಬಲ್ಲವರು ಯಾರೂ ಉಳಿದಿಲ್ಲ ಎಂದು ಉಲ್ರಿಕಾ ನಿವೃತ್ತಿಯಾಗುವ ಹೊತ್ತಿಗೆ ನನಗೆ ಹೇಳಿದಳು. ನನ್ನ ಹಳದಿ ಹೂವಿನ ದುಪ್ಪಟಿಗಳನ್ನೂ ಅವಳು ಕೇಳಿ ಪಡೆದಳು. ಕೊಡುವಾಗ ನನಗೆ ನಗು ಬಂತು.

ಆದರೆ ಆ ಸಂಜೆಯ ಮಾತು ಮುಗಿದಿಲ್ಲ. ವಾಪಸು ಬರುವಾಗ ಇಬ್ಬರೂ ಹಿಂದಿನ ಸೀಟಿನಲ್ಲೇ ಕೂತರು. ಮಂಜು ಕರಗಿ ಜಲಸಂಧಿ ಹಾಲಿನಂತೆ ಹರಡಿತ್ತು. ಸೇತುವೆಯ ಮೇಲೆ ಕಾರಿನ ಚಕ್ರಗಳು ಒಂದೇ ಸಮನೆ ಗುಂಯ್ ಎನ್ನುತ್ತಿದ್ದವು. ಆ ಸದ್ದಿನಲ್ಲಿ ಇಬ್ಬರೂ ಪಿಸುಪಿಸು ಏನೋ ಆಡುತ್ತಿದ್ದರು. ನಾನು ಬೇಕೆಂದೇ ನಿಧಾನವಾಗಿ ಓಡಿಸಿದೆ.

ಊರು ಬಂದಾಗ ಮಾತು ಮತ್ತೆ ನಿಂತಿತು. ಹಿಲ್ಮಾ ಚೀಲ ಎತ್ತಿಕೊಂಡು ತಮ್ಮ ಮನೆಗೆ, ಅತ್ತೆ ನಮ್ಮ ಮನೆಗೆ. ಎಲ್ಲ ಮತ್ತೆ ಮೊದಲಿನಂತೆಯೇ ಆಗುವುದಾದರೆ ಇಷ್ಟು ದೂರ ಹೋಗಿ ಬಂದದ್ದು ಯಾಕೆ?

ಒಂದು ವಾರವಾಗಿರಬಹುದು. ಬಿಸಿಲಿತ್ತು, ಸಣ್ಣ ಗಾಳಿಯಿತ್ತು. ನಾನು ಹಿತ್ತಲಲ್ಲಿದ್ದೆ. ಓಣಿಯಾಚೆಯಿಂದ ಹಿಲ್ಮಾಳ ದನಿ ಕೇಳಿತು. ಅವರು ಯಾರನ್ನಾದರೂ ಕೂಗಿ ಕರೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ರಾಗ್ನಾ! ಏ ರಾಗ್ನಾ! ಇಲ್ಲಿ ಬಾ, ಇದೊಂದು ತುದಿ ಹಿಡಿ!"

ಅತ್ತೆ ಕುರ್ಚಿಯಿಂದ ಎದ್ದ ವೇಗಕ್ಕೆ ಬೆಕ್ಕು ಹಾರಿ ಓಡಿತು. ಹಿಲ್ಮಾ ತಮ್ಮ ಗೇಟಿನ ಬಳಿ, ತಂತಿಯಿಂದ ಆಗಷ್ಟೇ ತೆಗೆದ ದುಪ್ಪಟಿ ಹಿಡಿದು ನಿಂತಿದ್ದರು. ಅತ್ತೆ ನಮ್ಮ ಗೇಟಿನ ಬಳಿ ನಿಂತು ಕೈ ಚಾಚಿದರು. ದುಪ್ಪಟಿ ಓಣಿಯ ಅಡ್ಡಕ್ಕೆ ಬಿಚ್ಚಿಕೊಂಡಿತು. ಇಬ್ಬರೂ ಹಿಂದಕ್ಕೆ ವಾಲಿ ಎಳೆದರು. ಬಟ್ಟೆ ಫಟ್ ಎಂದಿತು. ಓರೆಯಾಗಿ ಎಳೆದರು, ಮತ್ತೆ ಇನ್ನೊಂದು ಮೂಲೆಯಿಂದ. ಮಡಚಲು ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಓಣಿಯ ನಡುಮಧ್ಯದಲ್ಲಿ ಕೈಗೆ ಕೈ ತಾಗಿಸಿದರು, ಮತ್ತೆ ಹಿಂದೆ ಸರಿದರು.

"ಗಟ್ಟಿ ಹಿಡಿ. ಸಡಿಲ ಬಿಡ್ತೀಯ ಯಾವಾಗ್ಲೂ," ಎಂದರು ಹಿಲ್ಮಾ.

"ನೀನು ಜಗ್ತೀಯ. ಗೊಟ್‌ಫ್ರಿಡ್‌ನ ಟಗರಿನ ಥರ."

"ಆ ಟಗರಿನ ಸುದ್ದಿ ಎತ್ತಬೇಡ. ಬೇಲಿ ಹಾಕದೋರು ನೀವು."

"ಕಟ್ಟದೋರು ನೀವು!"

ಬೇಸಿಗೆಯ ಮನೆಯವರೊಬ್ಬರ ಕಾರು ಬಂದು ನಿಂತಿತು. ಒಳಗಿದ್ದವನು ಹಾರ್ನ್ ಒತ್ತಲು ಕೈ ಎತ್ತಿದವನು ಹಾಗೇ ಇಳಿಸಿದ. ದುಪ್ಪಟಿಯ ಬುಟ್ಟಿ ಮುಗಿಯುವವರೆಗೂ ಕಾದ. ಆ ಬೇಸಿಗೆಯೆಲ್ಲ ಅಂಥ ಕಾರುಗಳು ಎಷ್ಟೋ ಕಾದವು. ದುಪ್ಪಟಿ ಇಲ್ಲದಿದ್ದರೆ ಮೇಜಿನ ಬಟ್ಟೆ, ಅದೂ ಇಲ್ಲದಿದ್ದರೆ ಪರದೆ. ಒಗೆಯದೇ ಇದ್ದದ್ದನ್ನೂ ಬಿಚ್ಚಿ ಮಡಚುತ್ತಿದ್ದಾರೇನೋ ಎಂಬ ಗುಮಾನಿ ನನಗೆ ಬಂದಿತ್ತು. ಅತ್ತೆಯ ಕಾಲಿಗೆ ಮತ್ತೆ ಶಕ್ತಿ ಬಂದಿತ್ತು.

ಬಟಾಣಿ ಬಿಡಿಸುವ ಕಾಲಕ್ಕೆ, ಒಂದು ಮಧ್ಯಾಹ್ನ, ಇಬ್ಬರೂ ಓಣಿಯ ನಡುವೆ ದೊಡ್ಡ ದುಪ್ಪಟಿ ಬಿಚ್ಚಿ ನಿಂತಿದ್ದಾಗ ಸಮುದ್ರದ ಕಡೆಯಿಂದ ಮಳೆ ಬಂತು. ಮುನ್ಸೂಚನೆಯಿಲ್ಲದೆ, ಒಂದೇ ಸಲಕ್ಕೆ. ಹಿಲ್ಮಾ ಕಿರುಚಿದರು, ಅತ್ತೆ ಕಿರುಚಿದರು. ದುಪ್ಪಟಿಯನ್ನು ಇಬ್ಬರ ತಲೆಯ ಮೇಲೂ ಹಿಡಿದುಕೊಂಡು, ಅದರೊಳಗೆ ಎಡವಿ ಮುಗ್ಗರಿಸಿ ನಗುತ್ತ, ಹತ್ತಿರವಿದ್ದ ಬಾಗಿಲಿಗೆ ಓಡಿದರು. ಹತ್ತಿರವಿದ್ದದ್ದು ನಮ್ಮ ಬಾಗಿಲು. ನಾನು ಒಲೆಯ ಬಳಿ ನಿಂತಿದ್ದೆ. ನಾಲ್ಕು ಕಾಲಿನ ಒಂದು ಬಿಳಿ ಪ್ರಾಣಿ ಹೊಸ್ತಿಲು ದಾಟಿ ಅಡುಗೆಮನೆಗೆ ನುಗ್ಗಿದಂತೆ ಕಂಡಿತು.

ದುಪ್ಪಟಿಯೊಳಗಿಂದ ಹಿಲ್ಮಾಳ ತಲೆ ಹೊರಬಂತು. ಅವರು ಸುತ್ತ ನೋಡಿದರು. ಒಲೆ, ಕಿಟಕಿ, ನೀಲಿ ಕಪಾಟು, ಏವಾಲ್ಡ್‌ರ ಟೋಪಿ ಇನ್ನೂ ನೇತಾಡುತ್ತಿದ್ದ ಗೂಟ.

"ಬೂಟೆಲ್ಲ ಕೆಸರು," ಎಂದರು ಸಣ್ಣ ದನಿಯಲ್ಲಿ.

"ಕೂತ್ಕೋ," ಎಂದರು ಅತ್ತೆ. ಬಟಾಣಿಯ ಬುಟ್ಟಿಯನ್ನು ಮೇಜಿನ ನಡುವೆ ಎಳೆದು, ಒಂದು ಹಿಡಿ ಕಾಯಿ ಅವರ ಮುಂದೆ ಸುರಿದರು. "ಸುಮ್ನೆ ಕೂರಬೇಡ."

ಮಾಡಿನ ಮೇಲೆ ಮಳೆ ಸದ್ದು ಮಾಡುತ್ತಿತ್ತು. ಬಟಾಣಿ ಬೋಗುಣಿಗೆ ಉದುರುತ್ತಿತ್ತು. ಏನು ಮಾತಾಡಿಕೊಂಡರೋ, ನಾನು ಬೆನ್ನು ತಿರುಗಿಸಿ ಆಲೂಗಡ್ಡೆ ಕಡುಬಿಗೆ ಹಿಟ್ಟು ನಾದುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಮಾತು ನಿಧಾನವಾಯಿತು, ಬಟಾಣಿಯೂ ನಿಧಾನವಾಯಿತು. ತಿರುಗಿ ನೋಡಿದರೆ ಹಿಲ್ಮಾ ಬೆಂಚಿನ ಮೂಲೆಗೆ ಒರಗಿ ಕಣ್ಣು ಮುಚ್ಚಿದ್ದರು. ಒಂದು ಕಾಯಿ ಇನ್ನೂ ಬೆರಳುಗಳ ನಡುವೆ ಇತ್ತು. ಅತ್ತೆ ಅವರನ್ನೇ ನೋಡುತ್ತ ಕೂತಿದ್ದರು.

ಮಳೆ ನಿಂತು ಬಹಳ ಹೊತ್ತಾಗಿತ್ತು. ಕಿಟಕಿಯಿಂದ ಬಿಸಿಲು ಬಂದು ಮೇಜಿನ ಮೇಲೆ ಬಿದ್ದಿತ್ತು. ಹೊರಗೆ ಓಣಿಯೆಲ್ಲ ಹೊಳೆಯುತ್ತಿತ್ತು.

ಹಿಲ್ಮಾ ಕಣ್ಣು ಬಿಡದೆಯೇ ಕೇಳಿದರು, "ಮಳೆ ನಿಂತ್ಹೋಯ್ತಾ ರಾಗ್ನಾ?"

"ಇಲ್ಲ," ಎಂದರು ಅತ್ತೆ. "ಇನ್ನೂ ಸುರೀತಾ ಇದೆ. ನೀನು ಮಲಕ್ಕೋ."